ಜಲ್ಲಿ, ಮಣ್ಣು, ನೀರು: ಜಮೀನಿನ ರಸ್ತೆ ಗಟ್ಟಿಯಾದ ಬಗೆ

ನಮ್ಮ ಜಮೀನಿನ ರಸ್ತೆಗೆ ಜಲ್ಲಿಯ ಕೊರತೆ ಎಂದೂ ಇರಲಿಲ್ಲ. ನಮಗಿಂತ ಮೊದಲು ಇಲ್ಲಿದ್ದವರು ಗುಂಡಿ ಬಿದ್ದಲ್ಲೆಲ್ಲ ವರ್ಷ ವರ್ಷವೂ ಕಲ್ಲು ಸುರಿಸುತ್ತ ಬಂದಿದ್ದರು. ಆದರೂ ಮಳೆ ಹಿಡಿಯಿತೆಂದರೆ ಗಾಲಿ ಹೂತುಹೋಗುತ್ತಿತ್ತು, ಬಿಸಿಲು ಬಂದರೆ ಕಲ್ಲು ಸಿಡಿಯುತ್ತಿತ್ತು. ಸುರಿದದ್ದೆಲ್ಲ ಎಲ್ಲಿಗೆ ಹೋಯಿತು ಎಂಬುದನ್ನು ತಿಳಿಯದೆ ಹೊಸ ಕಲ್ಲು ತರಿಸುವುದು ಬೇಡವೆಂದು, ರಸ್ತೆಯ ತಗ್ಗಿನ ಭಾಗದಲ್ಲಿ ಮೊಣಕಾಲು ಆಳದ ಗುಂಡಿ ತೋಡಿಸಿದೆ. ಗುಂಡಿಯ ಬದಿಯಲ್ಲಿ ಉತ್ತರ ಸಿಕ್ಕಿತು. ಮೇಲೆ ನಾಲ್ಕು ಬೆರಳಿನಷ್ಟು ಕೆಸರು ಮೆತ್ತಿದ ಜಲ್ಲಿ. ಅದರ ಕೆಳಗೆ ಬೂದುಬಣ್ಣದ ಜೇಡಿಮಣ್ಣು. ಆ ಜೇಡಿಯೊಳಗೆ ಒಂದಕ್ಕೊಂದು ತಾಗದೆ, ದೂರ ದೂರ ಸಿಕ್ಕಿಕೊಂಡು ನಿಂತ ಉರುಟು ಕಲ್ಲುಗಳು. ಹಳೆಯ ಕಲ್ಲೆಲ್ಲ ಅಲ್ಲಿಯೇ ಇತ್ತು, ಮುಳುಗಿತ್ತು. ಕಲ್ಲು ಕಲ್ಲನ್ನು ಮುಟ್ಟದೆ ಹೋದರೆ ವಾಹನದ ಭಾರ ಹೊರುವುದು ಜೇಡಿಮಣ್ಣೇ. ಒದ್ದೆಯಾದ ಜೇಡಿಗೆ ಆ ತ್ರಾಣ ಇರುವುದಿಲ್ಲ.

ಹಾಗಾಗಿ ತೇಪೆಯ ಯೋಚನೆ ಬಿಟ್ಟು ಇಡೀ ರಸ್ತೆಯನ್ನು ಹೊಸದಾಗಿ ಕಟ್ಟುವುದೆಂದು ತೀರ್ಮಾನಿಸಿದೆ. ಮೂರು ಮೀಟರ್ ಅಗಲ, ಸುಮಾರು 400 ಮೀಟರ್ ಉದ್ದ. ಮುಖ್ಯ ರಸ್ತೆಯಿಂದ ಇಳಿದು, ನಡುವೆ ಒಂದು ತಗ್ಗನ್ನು ದಾಟಿ, ಮನೆಯ ಕಡೆಗೆ ಏರುತ್ತದೆ. ಎರಡು ಗಾಲಿ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ರಸ್ತೆಯ ನಡು ಎತ್ತರವಾಗಿದ್ದು ಅಂಚು ತಗ್ಗಿರಬೇಕು. ಇಲ್ಲಿ ಜಾಡುಗಳೇ ಎಲ್ಲಕ್ಕಿಂತ ತಗ್ಗು, ಅಂಚುಗಳಲ್ಲಿ ಮಣ್ಣಿನ ಏರಿ. ಅಂದರೆ ಮಳೆಯ ನೀರಿಗೆ ರಸ್ತೆಯೇ ಕಾಲುವೆ.

ಯಂತ್ರ ಕರೆಸುವ ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯುದ್ದಕ್ಕೂ ನಡೆದೆ. ಜಲ್ಲಿ ರಸ್ತೆ ಮಾಡಿಸುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ಒಣಗಿದ ನೆಲ ನೋಡಿ ನೀರಿನ ದಾರಿ ಊಹಿಸುವುದು ಕಷ್ಟ. ಮಳೆಯಲ್ಲಿ ನೀರೇ ತನ್ನ ದಾರಿ ತೋರಿಸುತ್ತದೆ. ಎಲ್ಲಿ ಪಕ್ಕದ ಹೊಲದ ನೀರು ರಸ್ತೆಗೆ ಹತ್ತುತ್ತದೆ, ಎಲ್ಲಿ ಜಾಡು ಹಿಡಿದು ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಅಲ್ಲಲ್ಲಿ ಗೂಟ ನೆಟ್ಟೆ. ಮೋರಿ ಎಲ್ಲಿ ಬೇಕು, ಯಾವ ಬದಿಗೆ ಚರಂಡಿ ಬೇಕು ಎಂಬುದು ಆ ಗೂಟಗಳಿಂದಲೇ ನಿರ್ಧಾರವಾಯಿತು.

ಮೊದಲ ಕೆಲಸ ಚರಂಡಿ. ಚರಂಡಿಯ ತಳ ಜಲ್ಲಿ ಪದರದ ತಳಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಚರಂಡಿಯ ನೀರು ರಸ್ತೆಯ ಅಡಿಗೆ ನುಗ್ಗುತ್ತದೆ, ಮೇಲೆ ಎಷ್ಟು ಬಿಗಿ ಮಾಡಿದರೂ ಕೆಳಗಿನಿಂದ ಕೊಳೆಯುತ್ತದೆ. ಅಂಚಿನ ಮಣ್ಣಿನ ಏರಿಗಳನ್ನು ಪೂರ್ತಿ ತೆಗೆಸಿದೆ. ತಗ್ಗಿನಲ್ಲಿ ಹ್ಯೂಮ್ ಪೈಪಿನ, ಅಂದರೆ ಕಾಂಕ್ರೀಟ್ ಕೊಳವೆಯ ಮೋರಿ ಕೂರಿಸಿದೆವು. ಪೈಪನ್ನು ಕೂರಿಸುವುದಕ್ಕಿಂತ ಅದರ ಪಕ್ಕ ತುಂಬುವುದೇ ಸೂಕ್ಷ್ಮದ ಕೆಲಸ. ಪೈಪಿನ ಹೊಟ್ಟೆಯ ಕೆಳಗಿನ ಎರಡು ಸಂದುಗಳಿಗೆ ಯಾವ ಯಂತ್ರವೂ ನಿಲುಕುವುದಿಲ್ಲ. ಅಲ್ಲಿ ಒಂದೊಂದು ಹಿಡಿ ಮಣ್ಣು ತುಂಬಿ, ಮರದ ಕೋಲಿನಿಂದ ಕುಟ್ಟಿ ಕುಟ್ಟಿ ಒಳಗೆ ತಳ್ಳಬೇಕು. ಆಮೇಲೆ ಎರಡೂ ಬದಿಗೆ ಸಮವಾಗಿ, ತೆಳುವಾದ ಪದರಗಳಲ್ಲಿ ತುಂಬಿ ದಮ್ಮಸು ಮಾಡುತ್ತ ಮೇಲೆ ಬರಬೇಕು. ಒಂದೇ ಬದಿಗೆ ತುಂಬಿದರೆ ಪೈಪು ಜರುಗುತ್ತದೆ. ಪೈಪಿನ ನೆತ್ತಿಯ ಮೇಲೆ ಕನಿಷ್ಠ 300 ಮಿಲಿಮೀಟರ್ ಗಟ್ಟಿ ತುಂಬುವಿಕೆ ಇರುವಂತೆ ನೋಡಿಕೊಂಡೆ. ನೀರು ಹೊರಬೀಳುವ ಬಾಯಿಗೆ ದೊಡ್ಡ ಕಲ್ಲು ಹಾಸಿಸಿದೆ. ಇಲ್ಲದಿದ್ದರೆ ಅಲ್ಲಿ ನೆಲ ಕೊರೆದು, ಕೊರೆತ ಹಿಂದಕ್ಕೆ ಬಂದು ಮೋರಿಯನ್ನೇ ಬೀಳಿಸುತ್ತದೆ.

ಆಮೇಲೆ ಹಳೆಯ ರಸ್ತೆಯನ್ನು ಕೆದಕುವ ಕೆಲಸ. ಗುಂಡಿಗೆ ಕಲ್ಲು ತುಂಬಿದರೆ ಯಾಕೆ ನಿಲ್ಲುವುದಿಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ. ಗುಂಡಿಯ ತಳ ಮತ್ತು ಅಂಚು ನುಣುಪಾಗಿ ಗಟ್ಟಿಯಾಗಿರುತ್ತವೆ. ಅದರೊಳಗೆ ಬಿದ್ದ ಹೊಸ ಜಲ್ಲಿಗೆ ಹಿಡಿತವೇ ಇಲ್ಲ. ಗಾಲಿ ಹಾದುಹೋದಂತೆ ಕಲ್ಲು ಹೊರಗೆ ಚಿಮ್ಮುತ್ತದೆ, ನೀರು ಮತ್ತೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅತಿ ಆಳದ ಗುಂಡಿಯ ತಳಕ್ಕಿಂತಲೂ ಕೆಳಗಿನವರೆಗೆ ಇಡೀ ಅಗಲವನ್ನು ಯಂತ್ರದ ಹಲ್ಲುಗಳಿಂದ ಕೆದಕಿಸಿ, ಹುಲ್ಲು ಬೇರುಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಕಲಸಿ ಮತ್ತೆ ಹರಡಿಸಿದೆ. ಹಳೆಯ ಉರುಟು ಕಲ್ಲು ಹೀಗೆ ಅಡಿಪಾಯಕ್ಕೆ ಒದಗಿತು. ಬೇರು, ಎಲೆ, ಕಪ್ಪು ಮೇಲ್ಮಣ್ಣು ಮಾತ್ರ ಚೂರೂ ಉಳಿಯಬಾರದು. ಅವು ಕೊಳೆತ ಜಾಗ ಟೊಳ್ಳಾಗಿ ಕುಸಿಯುತ್ತದೆ.

ತಗ್ಗಿನ ಭಾಗದಲ್ಲಿ ಜೇಡಿಯನ್ನು ಒಂದಷ್ಟು ತೆಗೆದು, ನೆಲವನ್ನು ನಡು ಎತ್ತರ ಮಾಡಿ ಸಮಗೊಳಿಸಿ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ದಪ್ಪ ಕಂಬಳಿಯಂಥ ಈ ಬಟ್ಟೆ ನೀರನ್ನು ಹಾಯಿಸುತ್ತದೆ, ಜೇಡಿಯನ್ನು ತಡೆಯುತ್ತದೆ. ಕೆಳಗಿನ ಮಣ್ಣು ಮೇಲೇರಿ ಕಲ್ಲುಗಳ ನಡುವೆ ಸೇರದಂತೆ, ಮೇಲಿನ ಕಲ್ಲು ಕೆಳಗಿಳಿಯದಂತೆ ಕಾಯುವುದಷ್ಟೇ ಅದರ ಕೆಲಸ. ತೋಡಿದ ಗುಂಡಿಯಲ್ಲಿ ನೋಡಿದ ಮುಳುಗಿದ ಕಲ್ಲುಗಳಿಗೆ ಇದೇ ಮದ್ದು. ಒಂದು ಹಾಸಿನ ಮೇಲೆ ಇನ್ನೊಂದು ಹಾಸು ಅರ್ಧ ಮೀಟರಿಗೂ ಮಿಕ್ಕಿ ಏರಿರಬೇಕು. ಬರಿಯ ಬಟ್ಟೆಯ ಮೇಲೆ ಗಾಲಿ ಹರಿಯಬಾರದು. ಟಿಪ್ಪರ್ ಹಿಂದೆ ಹಿಂದೆ ಬರುತ್ತ ಕಲ್ಲು ಸುರಿಯುತ್ತದೆ. ಸುರಿದದ್ದನ್ನು ಮುಂದಕ್ಕೆ ತಳ್ಳಿ, ಆ ಕಲ್ಲಿನ ಮೇಲೆಯೇ ಯಂತ್ರ ಸಾಗಬೇಕು. ಅದರ ಮೇಲೆ 40 ಎಂಎಂ ಒಳಗಿನ ಒಡೆದ ಕಲ್ಲಿನ ಅಡಿ ಪದರ.

ಈಗ ಮೇಲ್ಪದರದ ಮಾತು. ರಸ್ತೆಯ ಆಯುಸ್ಸು ಇರುವುದು ಇಲ್ಲಿ. ಕ್ರಷರ್‌ನಲ್ಲಿ ತೊಳೆದಂತೆ ಹೊಳೆಯುವ, ಒಂದೇ ಗಾತ್ರದ 20 ಎಂಎಂ ಜಲ್ಲಿ ನೋಡಲು ಚೆಂದ. ಕಾಂಕ್ರೀಟಿಗೆ ಅದೇ ಬೇಕು. ರಸ್ತೆಗೆ ಅದು ಕೆಲಸಕ್ಕೆ ಬಾರದು. ಒಂದೇ ಗಾತ್ರದ ಕಲ್ಲುಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಎಷ್ಟು ಭಾರದ ರೋಲರ್ ಹರಿಸಿದರೂ ಅವು ಜರುಗುತ್ತವೆಯೇ ಹೊರತು ಕಚ್ಚಿಕೊಳ್ಳುವುದಿಲ್ಲ. ರಸ್ತೆಗೆ ಬೇಕಾದದ್ದು ಕೊಳಕಾಗಿ ಕಾಣುವ ಕಲ್ಲು: 20 ಎಂಎಂನಿಂದ ಹಿಡಿದು ಹಿಟ್ಟಿನವರೆಗೆ ಎಲ್ಲ ಗಾತ್ರವೂ ಸೇರಿದ ಮಿಶ್ರಣ. ದೊಡ್ಡ ಕಲ್ಲಿನ ಸಂದಿಗೆ ಸಣ್ಣದು, ಅದರ ಸಂದಿಗೆ ಮರಳು, ಮರಳಿನ ಸಂದಿಗೆ ಹಿಟ್ಟಿನಂಥ ಪುಡಿ. ಮೇಲ್ಪದರದಲ್ಲಿ 75 ಮೈಕ್ರಾನ್ ಜರಡಿ ದಾಟುವ ಈ ನುಣುಪು ಪುಡಿ ತೂಕದಲ್ಲಿ ಶೇ 8ರಿಂದ 15ರಷ್ಟು ಇರಬೇಕು, ಅದರಲ್ಲೂ ಸ್ವಲ್ಪ ಭಾಗ ಅಂಟುವ ಜೇಡಿಯಾಗಿರಬೇಕು. ಬರಿಯ ಕಲ್ಲುಪುಡಿಗೆ ಅಂಟಿಲ್ಲ. ಒಣಗಿದ ಮೇಲೆ ಧೂಳಾಗಿ ಹಾರಿಹೋಗುತ್ತದೆ. ಜೇಡಿ ಹೆಚ್ಚಾದರೂ ಕಷ್ಟ, ಮಳೆಯಲ್ಲಿ ಜಾರುತ್ತದೆ. ಕಲ್ಲು ಒಡೆದದ್ದಾಗಿರಬೇಕು, ಅದರ ಮೂಲೆಗಳು ಚೂಪಾಗಿರಬೇಕು. ಹೊಳೆಯ ಉರುಟು ಕಲ್ಲುಗಳು ಒಂದರ ಮೇಲೊಂದು ಉರುಳುತ್ತವೆ.

1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ರಸ್ತೆಗಳ ಹೊಣೆ ಹೊತ್ತ ಜಾನ್ ಲೌಡನ್ ಮೆಕಾಡಮ್ ಒಡೆದ ಕಲ್ಲಿನ ಈ ಮಾತನ್ನು ಪಟ್ಟು ಹಿಡಿದು ಹೇಳಿದ. ಯಾವ ಚೂರೂ 6 ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು ಎಂಬುದು ಅವನ ನಿಯಮ. ಭಾರ ಹೊರುವುದು ಕೆಳಗಿನ ನೆಲ. ಅದು ಒಣಗಿದ್ದರೆ ಯಾವ ಭಾರವನ್ನೂ ಹೊರುತ್ತದೆ ಎಂಬುದೂ ಅವನದೇ ಮಾತು. ನನ್ನ ತಗ್ಗಿನ ಭಾಗವನ್ನು ನೋಡಿದಾಗಲೆಲ್ಲ ಆ ಮಾತಿನ ನಿಜ ಮನಸ್ಸಿಗೆ ತಟ್ಟುತ್ತದೆ. ಮಣ್ಣು ಬೆರೆಸುವುದನ್ನು ಮಾತ್ರ ಅವನು ಒಪ್ಪುತ್ತಿರಲಿಲ್ಲ. ಅವನ ಕಾಲದ ಗಾಡಿಗಳ ಕಬ್ಬಿಣದ ಪಟ್ಟಿಯ ಚಕ್ರಗಳು ಕಲ್ಲನ್ನು ಅರೆದು, ಬೇಕಾದ ಪುಡಿಯನ್ನು ಅಲ್ಲೇ ಹುಟ್ಟಿಸಿ ಸಂದುಗಳನ್ನು ತುಂಬುತ್ತಿದ್ದವು. ವೇಗವಾಗಿ ಓಡುವ ಇಂದಿನ ರಬ್ಬರ್ ಟಯರು ಸಂದಿಯ ಪುಡಿಯನ್ನು ಹೀರಿ ಹೊರಗೆಸೆಯುತ್ತದೆ. ಅದಕ್ಕೇ ಪುಡಿಯನ್ನು ಹಿಡಿದಿಡುವ ಅಂಟನ್ನು ನಾವೇ ಕೊಡಬೇಕು.

ಮಿಶ್ರಣವನ್ನು ಒಪ್ಪಿಕೊಳ್ಳುವ ಮುನ್ನ ಮನೆಯಲ್ಲೇ ಪರೀಕ್ಷೆ ಮಾಡಿದೆ. ರಾಶಿಯ ಬೇರೆ ಬೇರೆ ಭಾಗಗಳಿಂದ ತಂದದ್ದನ್ನು ಜರಡಿ ಹಿಡಿದು, ಕೆಳಗೆ ಬಿದ್ದ ನುಣುಪನ್ನು ಗಾಜಿನ ಶೀಶೆಯಲ್ಲಿ ನೀರಿನೊಂದಿಗೆ ಕುಲುಕಿ ಇಟ್ಟೆ. ಮರಳು ನೋಡನೋಡುತ್ತಲೇ ತಳ ಸೇರುತ್ತದೆ. ಅದರ ಮೇಲೆ ನಿಧಾನವಾಗಿ ಗೋಡು ಕೂರುತ್ತದೆ. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಇನ್ನೊಂದು ಪರೀಕ್ಷೆ ಬೆರಳಿನದು. ಒದ್ದೆ ಮಾಡಿದ ನುಣುಪನ್ನು ಅಂಗೈಯಲ್ಲಿ ಹೊಸೆದು 3 ಮಿಲಿಮೀಟರ್ ದಪ್ಪದ ದಾರ ಮಾಡಲು ಬಂದರೆ ಅದರಲ್ಲಿ ಅಂಟಿದೆ. ದಾರವಾಗುವ ಮೊದಲೇ ಉದುರಿದರೆ ಇಲ್ಲ. ಮೊದಲು ನೋಡಿದ ರಾಶಿ ಉದುರಿತು. ಕ್ರಷರ್‌ನವರೊಡನೆ ಮಾತಾಡಿ ಜೇಡಿಯಂಶವಿರುವ ಕೆಂಪು ಗರಸನ್ನು ಅದಕ್ಕೆ ಬೆರೆಸಿಸಿದ ಮೇಲೆ ದಾರ ನಿಂತಿತು. ಪ್ರಯೋಗಾಲಯದ ವರದಿಗೆ ಇವು ಸಮವಲ್ಲ, ಆದರೆ ಕೆಟ್ಟ ರಾಶಿಯನ್ನು ಹಿಂದಕ್ಕೆ ಕಳಿಸಲು ಸಾಕು.

ಲೆಕ್ಕ ಸುಲಭ. ಬಿಗಿಯಾದ ಮೇಲೆ 100 ಮಿಲಿಮೀಟರ್ ದಪ್ಪ ಉಳಿಯಬೇಕಾದರೆ ಸಡಿಲವಾಗಿ ಸುಮಾರು 130 ಹರಡಬೇಕು. ಹತ್ತು ಮೀಟರ್ ಉದ್ದಕ್ಕೆ ಬಿಗಿಯಾದದ್ದು 3 ಘನಮೀಟರ್, ತರಿಸಬೇಕಾದದ್ದು ನಾಲ್ಕರ ಹತ್ತಿರ. ಹರಡುವಾಗ ಒಂದು ಎಚ್ಚರ ಬೇಕು. ಎತ್ತರದ ರಾಶಿಯಾಗಿ ಸುರಿದರೆ ದೊಡ್ಡ ಕಲ್ಲೆಲ್ಲ ಉರುಳಿ ರಾಶಿಯ ಬುಡಕ್ಕೆ ಸೇರುತ್ತದೆ, ನುಣುಪು ನಡುವೆ ಉಳಿಯುತ್ತದೆ. ಟಿಪ್ಪರ್ ಚಾಲಕರಿಗೆ ಹೇಳಿ, ನಿಧಾನ ಸಾಗುತ್ತ ಉದ್ದಕ್ಕೂ ಸುರಿಯುವಂತೆ ಮಾಡಿಸಿದೆ. ಆಮೇಲೆ ಉದ್ದ ಅಲಗಿನಿಂದ ನೆಲ ಹೆರೆಯುವ ಗ್ರೇಡರ್ ಯಂತ್ರ ಅದನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಿಸಿ ಹೊರಳಿಸಿ ಕಲಸಿತು. ನೀರು ಸೇರಿಸಿದ್ದು ಈ ಹೊರಳಿಸುವ ಹೊತ್ತಿನಲ್ಲಿಯೇ.

ಆ ನೀರಿನ ವಿಷಯ ಇಡೀ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿತು. ಒಣಗಿದ ಮಿಶ್ರಣದ ಕಣಗಳು ಒಂದನ್ನೊಂದು ಉಜ್ಜಿ ತಡೆಯುತ್ತವೆ, ರೋಲರ್ ಎಷ್ಟು ಒತ್ತಿದರೂ ಜಾಗ ಬಿಡುವುದಿಲ್ಲ. ಸ್ವಲ್ಪ ನೀರು ಸೇರಿದಾಗ ಅವು ಸರಿದು ಸಂದಿಗೆ ಕೂರುತ್ತವೆ. ನೀರು ಹೆಚ್ಚಾದರೆ ಸಂದಿಯನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗದು, ಹಾಗಾಗಿ ಒತ್ತಿದ ಪದರ ಪಕ್ಕಕ್ಕೆ ಉಬ್ಬುತ್ತದೆ. ಈ ಎರಡರ ನಡುವೆ ಒಂದು ಹದವಿದೆ. ಆ ಹದದಲ್ಲಿ ಅದೇ ರೋಲರ್, ಅದೇ ಶ್ರಮಕ್ಕೆ, ಅತಿ ಹೆಚ್ಚು ಸಾಂದ್ರತೆ ಸಿಗುತ್ತದೆ. ಲಾಸ್ ಏಂಜಲೀಸ್ ನಗರದ ನೀರು ಸರಬರಾಜಿಗಾಗಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಇದನ್ನು ಅಳತೆ ಮಾಡಿ ತೋರಿಸಿದ. ಇಂದಿಗೂ ರಸ್ತೆಯವರ ಪರೀಕ್ಷೆಗೆ ಅವನ ಹೆಸರೇ ಇದೆ.

ಒಡೆದ ಕಲ್ಲಿನ ಇಂಥ ಮಿಶ್ರಣಕ್ಕೆ ಆ ಹದ ಸಾಮಾನ್ಯವಾಗಿ ತೂಕದ ಶೇ 5ರಿಂದ 8ರ ನಡುವೆ ಇರುತ್ತದೆ. ಹತ್ತು ಮೀಟರ್ ರಸ್ತೆಯ ಮೇಲ್ಪದರ ಆರೂವರೆ ಟನ್ನಿನಷ್ಟು ತೂಗುತ್ತದೆ. ರಾಶಿಯಲ್ಲಿ ಆಗಲೇ ಶೇ 2ರಷ್ಟು ತೇವವಿದ್ದು, ನಮಗೆ ಶೇ 6 ಬೇಕಿದ್ದರೆ, ಹತ್ತು ಮೀಟರಿಗೆ 260 ಲೀಟರ್ ನೀರು ಬೇಕು. ಇದನ್ನು ಲೆಕ್ಕ ಹಾಕುವವರೆಗೆ ಒಂದು ಟ್ಯಾಂಕರ್ ನೀರು ಎಷ್ಟು ದೂರ ಬರುತ್ತದೆ ಎಂಬ ಅಂದಾಜು ಯಾರಿಗೂ ಇರಲಿಲ್ಲ. ಕೊನೆಯ ನಿರ್ಣಯ ಮಾತ್ರ ಕೈಯದು. ಒಂದು ಹಿಡಿ ಮಿಶ್ರಣವನ್ನು, ದೊಡ್ಡ ಕಲ್ಲು ಆರಿಸಿ ತೆಗೆದು, ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿದೆ. ಮುಷ್ಟಿ ಬಿಚ್ಚಿದಾಗ ಬೆರಳಿನ ಗುರುತು ಮೂಡಿದ ಉಂಡೆ ನಿಲ್ಲಬೇಕು. ಅಂಗೈ ತೇವವಾಗಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿಯಾದರೆ ಒಣ, ಚಪ್ಪಟೆಯಾಗಿ ಮೆತ್ತಿಕೊಂಡರೆ ಹೆಚ್ಚು ಒದ್ದೆ. ಮಧ್ಯಾಹ್ನದ ಬಿಸಿಲಿಗೆ ಮೇಲ್ಭಾಗ ಬೇಗ ಒಣಗುತ್ತಿತ್ತು, ಆದ್ದರಿಂದ ಅಂದಂದು ರೋಲರ್ ಮುಗಿಸಬಹುದಾದಷ್ಟು ಉದ್ದಕ್ಕೆ ಮಾತ್ರ ನೀರು ಹಾಯಿಸಿ ಕಲಸುತ್ತಿದ್ದೆವು.

ರೋಲರ್ ನಡೆಸಿದವರು ಈ ಕೆಲಸದಲ್ಲೇ ತಲೆ ನರೆತ ಹಿರಿಯರು. ಅವರ ಪಕ್ಕದಲ್ಲಿ ನಡೆಯುತ್ತ ಕಲಿತದ್ದು ಬಹಳ. ಮೊದಲ ಸುತ್ತು ಕಂಪನವಿಲ್ಲದೆ, ಬರಿಯ ಭಾರದಿಂದ. ಸಡಿಲ ಪದರಕ್ಕೆ ಒಮ್ಮೆಲೇ ಕಂಪನ ಕೊಟ್ಟರೆ ಅದು ಡ್ರಮ್ಮಿನ ಮುಂದೆ ಗುಡ್ಡೆಯಾಗುತ್ತದೆ. ಆಮೇಲೆ ಅಂಚಿನಿಂದ ನಡುವಿನ ಕಡೆಗೆ, ಪ್ರತಿ ಸಲ ಹಿಂದಿನ ಪಟ್ಟಿಯ ಮೇಲೆ ಒಂದಷ್ಟು ಏರಿಸಿಕೊಂಡು. ಅಂಚು ಮೊದಲು ಗಟ್ಟಿಯಾದರೆ ನಡುವಿನ ಕಲ್ಲು ಹೊರಗೆ ಸರಿಯುವುದಿಲ್ಲ, ನಡುವಿನ ಎತ್ತರ ಉಳಿಯುತ್ತದೆ. ವೇಗ ಮನುಷ್ಯನ ನಿಧಾನ ನಡಿಗೆಯಷ್ಟೇ. ನಿಲ್ಲಿಸುವ ಮುನ್ನ ಕಂಪನ ನಿಲ್ಲಿಸಬೇಕು, ಇಲ್ಲದಿದ್ದರೆ ಡ್ರಮ್ಮು ನಿಂತಲ್ಲೇ ತಗ್ಗು ಕೊರೆಯುತ್ತದೆ. ಸುತ್ತು ಸುತ್ತಿಗೂ ಸದ್ದು ಬದಲಾಗುತ್ತ ಹೋಯಿತು. ಮೊದಲು ಮಂಕಾಗಿದ್ದ ಶಬ್ದ ಬರಬರುತ್ತ ಬಿರುಸಾಯಿತು, ಕಾಲಡಿಯ ನೆಲ ಝುಮ್ಮೆನ್ನತೊಡಗಿತು.

“ಇನ್ನೊಂದು ಸುತ್ತು ಹೊಡೆಯೋಣವೇ ಅಣ್ಣ?” ಎಂದು ಕೇಳಿದೆ.

“ಬೇಡ ಸರ್. ಡ್ರಮ್ಮು ಕುಣಿಯಲು ಶುರುಮಾಡಿತು ನೋಡಿ. ಇನ್ನು ಹೊಡೆದರೆ ಕಲ್ಲು ಪುಡಿಯಾಗುತ್ತದೆ, ಬಿಗಿ ಬಿಟ್ಟುಹೋಗುತ್ತದೆ” ಎಂದರು.

ಅವರು ಹೇಳಿದ್ದನ್ನು ಅಳೆದೂ ನೋಡಿದೆ. ಎರಡು ಬದಿಯ ಗೂಟಗಳಿಗೆ ದಾರ ಕಟ್ಟಿ, ದಾರದಿಂದ ಮೇಲ್ಮೈವರೆಗಿನ ಅಂತರವನ್ನು ಪ್ರತಿ ಸುತ್ತಿನ ನಂತರ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಎದ್ದು ಕಾಣುವಂತೆ ಇಳಿಯುತ್ತಿದ್ದ ಪದರ ಕೊನೆಯ ಸುತ್ತುಗಳಲ್ಲಿ ಇಳಿಯುವುದನ್ನೇ ನಿಲ್ಲಿಸಿತ್ತು.

ಬಿಗಿಯಾಗಿದೆ ಎಂದುಕೊಂಡ ಮೇಲೆ ಕಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರನ್ನು ನಿಧಾನ ಹರಿಸಿ, ಪಕ್ಕದಲ್ಲಿ ಬಾಗಿ ಗಾಲಿಯ ಮುಂದಿನ ನೆಲವನ್ನೇ ನೋಡುತ್ತ ನಡೆದೆ. ತಗ್ಗು ದಾಟಿ ಏರು ಶುರುವಾಗುವಲ್ಲಿ ಮೇಲ್ಮೈ ಅಲೆಯಂತೆ ಎದ್ದು ಇಳಿಯಿತು. ಮೇಲೆ ನೋಡಿದರೆ ಏನೂ ತಿಳಿಯದು, ಪದರ ನುಣ್ಣಗೆ ಬಿಗಿಯಾಗಿಯೇ ಕಾಣುತ್ತಿತ್ತು. ಅಲ್ಲಿ ಅಗೆಸಿದಾಗ ಕೆಳಗೆ ಮೆದು ಮಣ್ಣಿನ ಒಂದು ಜೇಬು ಸಿಕ್ಕಿತು. ಪಕ್ಕದ ದಿಣ್ಣೆಯಿಂದ ಜಿನುಗಿ ಬರುವ ನೀರು ಅಲ್ಲಿ ಸೇರುತ್ತಿತ್ತು. ಆ ಮಣ್ಣನ್ನು ತೆಗೆದು, ಜಿನುಗುವ ನೀರನ್ನು ಕಲ್ಲು ತುಂಬಿದ ಸಣ್ಣ ಕಾಲುವೆಯ ಮೂಲಕ ಚರಂಡಿಗೆ ಸೇರಿಸಿ, ಮತ್ತೆ ಪದರ ಪದರವಾಗಿ ಕಟ್ಟಿದೆವು. ಇಂಥ ಜಾಗವನ್ನು ಮತ್ತಷ್ಟು ರೋಲರ್ ಹೊಡೆದು ಸರಿಪಡಿಸಲು ಆಗದು. ಹೊಡೆದಷ್ಟೂ ನೀರು ಮೇಲೇರಿ ಇನ್ನಷ್ಟು ಮೆದುವಾಗುತ್ತದೆ.

ನಡುವಿನ ಎತ್ತರವನ್ನು ನೋಡಲು ಹಲಗೆಯೊಂದು ಸಾಕಾಯಿತು. ಒಂದೂವರೆ ಮೀಟರ್ ಉದ್ದದ ನೇರ ಹಲಗೆ, ಅದರ ಒಂದು ತುದಿಯ ಕೆಳಗೆ 75 ಮಿಲಿಮೀಟರ್ ಮರದ ತುಂಡು. ತುಂಡಿರುವ ತುದಿಯನ್ನು ಅಂಚಿನಲ್ಲೂ ಇನ್ನೊಂದನ್ನು ನಡುವಿನಲ್ಲೂ ಇಟ್ಟು ಮೇಲೆ ಮಟ್ಟಗೋಲು ಇಟ್ಟಾಗ ಗುಳ್ಳೆ ನಡುವೆ ನಿಂತರೆ ಇಳಿಜಾರು ಶೇ 5. ಟಾರು ರಸ್ತೆಗೆ ಇದರ ಅರ್ಧ ಸಾಕು. ಜಲ್ಲಿ ರಸ್ತೆಗೆ ಶೇ 4ರಿಂದ 6 ಬೇಕು. ಮನೆಯ ಮಾಡಿನಂತೆ ಎರಡೂ ಕಡೆಗೆ ನೇರ ಇಳಿಯಬೇಕು, ನಡುವೆ ಚಪ್ಪಟೆ ಉಳಿಯಬಾರದು. ಆ ಚಪ್ಪಟೆಯ ಮೇಲೆಯೇ ನೀರು ನಿಂತು ಮೊದಲ ಗುಂಡಿ ಹುಟ್ಟುತ್ತದೆ.

ಮುಗಿದ ಮೇಲೆ ಕೆಲವು ದಿನ ಭಾರದ ವಾಹನ ಬಿಡಲಿಲ್ಲ. ಒಂದೇ ಜಾಡಿನಲ್ಲಿ ಹೋಗದೆ ಅತ್ತ ಇತ್ತ ಸರಿದು ಓಡಿಸುವಂತೆ ಮನೆಯವರಿಗೆಲ್ಲ ಹೇಳಿದೆ. ಜೋರು ಮಳೆ ಬಂದಾಗ ಮತ್ತೆ ಕೊಡೆ ಹಿಡಿದು ಹೋದೆ. ನಡುವಿನಿಂದ ಎರಡೂ ಬದಿಗೆ ನೀರು ತೆಳ್ಳಗೆ ಹರಿದು ಚರಂಡಿ ಸೇರುತ್ತಿತ್ತು, ಮೋರಿ ತುಂಬಿ ಓಡುತ್ತಿತ್ತು, ತಗ್ಗಿನಲ್ಲಿ ಗಾಲಿಯ ಗುರುತೂ ಇರಲಿಲ್ಲ. ಮಳೆ ನಿಂತು ಮೇಲ್ಪದರ ಹದಕ್ಕೆ ಬಂದಾಗ ರೋಲರನ್ನು ಇನ್ನೊಮ್ಮೆ ಹರಿಸಿದೆವು. ಜಲ್ಲಿ ರಸ್ತೆಯ ರಿಪೇರಿಗೆ ಮಳೆಯ ನಂತರದ ಈ ಹೊತ್ತನ್ನೇ ಕಾಯಬೇಕು. ಒಣ ಕಾಲದಲ್ಲಿ ಕೆರೆದರೆ ಕಟ್ಟಿದ ಬಿಗಿ ಸಡಿಲವಾಗುವುದಷ್ಟೇ ಲಾಭ.

ಈಗ ಕಣ್ಣಿಟ್ಟಿರುವುದು ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಜಾಗದ ಮೇಲೆ. ಅಲ್ಲಿ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಹೊರಡುವಾಗ ವೇಗ ಹೆಚ್ಚಿಸುತ್ತಾರೆ. ಹಾಗೆ ಗಾಲಿ ಪುಟಿಯುವ ಕಡೆ, ಒಣಗಿ ಅಂಟು ಕಳೆದುಕೊಂಡ ಮೇಲ್ಮೈಯಲ್ಲಿ ಅಡ್ಡಡ್ಡ ಸಾಲುಗಳು ಏಳುತ್ತವೆ. ಕೈ ಸವರಿದರೆ ತಿಳಿಯುವಷ್ಟು ಸಣ್ಣ ಸಾಲುಗಳು ಆಗಲೇ ಮೂಡಿವೆ. ಅವುಗಳನ್ನು ಮೇಲಿಂದ ಹೆರೆದರೆ ಮತ್ತೆ ಏಳುತ್ತವೆ. ಸಾಲಿನ ತಳಕ್ಕಿಂತ ಆಳಕ್ಕೆ ಕೆದಕಿ, ಜೇಡಿ ತುಸು ಹೆಚ್ಚಿರುವ ಮಿಶ್ರಣ ಬೆರೆಸಿ, ಹದ ನೋಡಿ ಮತ್ತೆ ಬಿಗಿಗೊಳಿಸಬೇಕು. ಅದಕ್ಕೆಂದು ಒಂದಷ್ಟು ಕೆಂಪು ಗರಸನ್ನು ಬೇರೆಯಾಗಿ ತೆಗೆದು, ತಾಡಪಾಲು ಹೊದಿಸಿ ಇಟ್ಟಿದ್ದೇನೆ. ಮುಂದಿನ ಮಳೆ ಬಿಡುವು ಕೊಟ್ಟ ಕೂಡಲೇ ಆ ಕೆಲಸ.